ಹೌಟುಗಳಿಂದ ಲೈವ್ ಸಿಡಿಗೆ, ಅಲ್ಲಿಂದ ಮುಂದಕ್ಕೆ

ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್ ಹೊರತಂದಾಗ ಅದನ್ನು ಬಳಸುವವರೂ ತಿದ್ದುವವರೂ ಹೆಚ್ಚುಕಡಿಮೆ ಒಂದೇ ಗುಂಪಿನವರು. 1993ರಲ್ಲಿ ಸ್ಲ್ಯಾಕ್‌ವೇರ್ ಮತ್ತು ಡೆಬಿಯನ್ ಎಂಬ ಡಿಸ್ಟ್ರೋಗಳು (ಸ್ಥಾಪನೆಗೆ ಸಿದ್ಧವಾದ ಲಿನಕ್ಸ್ ಕಟ್ಟುಗಳು) ಬಂದ ಮೇಲೆ ಹೊರಗಿನವರೂ ಕೈಹಾಕಿದರು. ಹೊಸಬರಿಗೆ ಹೇಳಿಕೊಡುವವರು ಯಾರು ಎಂಬ ಪ್ರಶ್ನೆ ಎದ್ದದ್ದು ಆಗ. ಲಿನಕ್ಸ್ ಡಾಕ್ಯುಮೆಂಟೇಶನ್ ಪ್ರಾಜೆಕ್ಟಿನ ಸ್ವಯಂಸೇವಕರು ಪ್ರಿಂಟರ್, ಮೋಡೆಮ್, ಸೌಂಡ್ ಕಾರ್ಡ್ ಹೀಗೆ ಒಂದೊಂದಕ್ಕೂ ‘ಹೌಟು’ ಬರೆದಿಟ್ಟರು. ಬರಹಗಳು ಚೆನ್ನಾಗಿದ್ದವು, ಆದರೆ ಓದಿ ಮಾಡುವ ಹೊರೆಯೆಲ್ಲ ಬಳಕೆದಾರನ ತಲೆಯ ಮೇಲೆ. ಚಿತ್ರಪರದೆ ಮೂಡಬೇಕಾದರೆ ಮಾನಿಟರಿನ ಆವರ್ತನದ ಅಂಕಿಗಳನ್ನು ತಾನೇ ಹುಡುಕಿ ಪರದೆ ನಡೆಸುವ ಎಕ್ಸ್‌ಫ್ರೀ86 ತಂತ್ರಾಂಶದ ಕಡತಕ್ಕೆ ತುಂಬಬೇಕಿತ್ತು. ತಪ್ಪಿದರೆ ಮಾನಿಟರೇ ಹಾಳಾದೀತು ಎಂಬ ಎಚ್ಚರಿಕೆಯೂ ಅಲ್ಲೇ ಇರುತ್ತಿತ್ತು.

ಡಯಲ್‌ಅಪ್ ಕಾಲದ ಭಾರತದಲ್ಲಿ ಇಡೀ ಡಿಸ್ಟ್ರೋ ಇಳಿಸಿಕೊಳ್ಳುವುದು ಆಗದ ಮಾತು. 1996ರಿಂದ ಪಿಸಿಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿ ಹಂಚತೊಡಗಿತು. ಅದರ ಹಿಂದೆ ಬೆಂಗಳೂರಿನ ತಂತ್ರಜ್ಞ ಅತುಲ್ ಚಿಟ್ಣಿಸ್ ಇದ್ದರು. ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ, ಆಮೇಲೆ ಅದೇ ‘ಫಾಸ್ ಡಾಟ್ ಇನ್’ ಆಗಿ ಬೆಳೆದದ್ದು ಕೂಡ ಅವರ ಬಳಗದ ಕೆಲಸವೇ. ಬಳಕೆದಾರರ ಗುಂಪುಗಳ ಇನ್‌ಸ್ಟಾಲ್ ಫೆಸ್ಟ್‌ಗಳಿಗೆ ಜನ ಸಿಪಿಯು ಹೊತ್ತುಕೊಂಡೇ ಬರುತ್ತಿದ್ದರು. ಪಕ್ಕದಲ್ಲಿ ಕೂತು ತೋರಿಸಿಕೊಡುವವರಿಗೆ ಸಮನಾದ ನೆರವು ಇವತ್ತಿಗೂ ಬಂದಿಲ್ಲ ಎಂದೇ ನನ್ನ ನಂಬಿಕೆ.

ಹೊಸಬರ ಪಾಲಿಗೆ ಎಲ್ಲಕ್ಕಿಂತ ದೊಡ್ಡ ತಿರುವು ಜರ್ಮನಿಯ ಕ್ಲೌಸ್ ಕ್ನಾಪರ್ 2000ದಲ್ಲಿ ಹೊರತಂದ ಕ್ನಾಪಿಕ್ಸ್ ಎಂಬ ಲೈವ್ ಸಿಡಿ. ಸಿಡಿಯಿಂದಲೇ ಬೂಟ್ ಆಗಿ ಯಂತ್ರಾಂಶವನ್ನು ತಾನೇ ಗುರುತಿಸುತ್ತಿತ್ತು, ಹಾರ್ಡ್‌ಡಿಸ್ಕನ್ನು ಮುಟ್ಟುತ್ತಿರಲಿಲ್ಲ. ಅದುವರೆಗೆ ಮೊದಲು ಸ್ಥಾಪಿಸಿ ಆಮೇಲೆ ಪರದಾಡಬೇಕಿತ್ತು. ಇನ್ನು ಮುಂದೆ ವೈಫೈ, ಧ್ವನಿ, ಟಚ್‌ಪ್ಯಾಡ್ ಎಲ್ಲ ನೋಡಿಕೊಂಡೇ ಸ್ಥಾಪಿಸಬಹುದಾಯಿತು. ಇಂದಿನ ಲೈವ್ ಪೆನ್‌ಡ್ರೈವ್ ಅದರದೇ ಮುಂದುವರಿಕೆ, ಆದರೂ ಆ ಅರ್ಧ ಗಂಟೆಯ ಪರೀಕ್ಷೆಯನ್ನು ಬಿಟ್ಟು ನೇರ ಸ್ಥಾಪನೆಗೆ ಇಳಿಯುವವರೇ ಹೆಚ್ಚು.

2004ರ ಅಕ್ಟೋಬರಿನಲ್ಲಿ ಬಂದ ಉಬುಂಟು ಅಂಚೆಯಲ್ಲಿ ಉಚಿತವಾಗಿ ಸಿಡಿ ಕಳಿಸಿತು. ಅದಕ್ಕಿಂತ ಮುಖ್ಯವಾಗಿ ಅದು ಸಮುದಾಯಕ್ಕೊಂದು ನಡವಳಿಕೆಯ ಸಂಹಿತೆ ತಂದಿತು. ‘ಮೊದಲು ಮ್ಯಾನ್ಯುಯಲ್ ಓದು’ ಎಂದು ಗದರಿ ಕಳಿಸುವುದು ಅಲ್ಲಿಯವರೆಗೆ ಮಾಮೂಲಾಗಿತ್ತು. ಹಾಗೆ ಗದರಿಸಿಕೊಂಡವರಲ್ಲಿ ಎಷ್ಟೋ ಜನ ಮತ್ತೆ ಲಿನಕ್ಸಿನ ಕಡೆ ತಿರುಗಿ ನೋಡಲಿಲ್ಲ.

ವೈಫೈ ಮಾತ್ರ ಬಹಳ ಕಾಲ ಕಾಡಿತು. ಚಿಪ್ ಚಾಲೂ ಆಗಲು ಬೇಕಾದ ಫರ್ಮ್‌ವೇರ್ ಮುಕ್ತವಲ್ಲ ಎಂದು ಡೆಬಿಯನ್ ಅದನ್ನು ತನ್ನ ಅಧಿಕೃತ ಸ್ಥಾಪಕದಿಂದ ಹೊರಗಿಟ್ಟಿತ್ತು. ಫರ್ಮ್‌ವೇರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಫರ್ಮ್‌ವೇರ್ ಬೇಕು! 2022ರಲ್ಲಿ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು; 2023ರ ಡೆಬಿಯನ್ 12ರಿಂದ ಅದು ಜೊತೆಗೇ ಬರುತ್ತದೆ. ತತ್ತ್ವವನ್ನು ಸಡಿಲಿಸಿದರು ಎಂದು ಬೇಸರಪಟ್ಟವರಿದ್ದಾರೆ. ನನಗೆ ಅದು ಹೊಸಬರ ಪರವಾದ ಸರಿಯಾದ ತೀರ್ಮಾನವಾಗಿ ಕಾಣುತ್ತದೆ.

ಈಗಲೂ ವೈಫೈ ಕಾಣದಿದ್ದರೆ ಹುಡುಕುವ ಕ್ರಮವೊಂದಿದೆ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಕೆ’ ಕೊಟ್ಟರೆ ಪ್ರತಿ ಕಾರ್ಡಿನ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಬರುತ್ತದೆ. ವೈಫೈ ಕಾರ್ಡಿನ ಕೆಳಗೆ ಆ ಸಾಲೇ ಇಲ್ಲವಾದರೆ ಡ್ರೈವರ್ ಕೂತಿಲ್ಲ. ಇದ್ದೂ ಕೆಲಸ ಮಾಡದಿದ್ದರೆ ‘ಆರ್‌ಎಫ್‌ಕಿಲ್’ ಆಜ್ಞೆ ಕೊಟ್ಟು ನೋಡಬೇಕು, ಎಷ್ಟೋ ಸಲ ಕೀಬೋರ್ಡಿನ ಒಂದು ಗುಂಡಿ ರೇಡಿಯೋವನ್ನು ಆರಿಸಿರುತ್ತದೆ. ಅದೂ ಅಲ್ಲವೆಂದರೆ ಕರ್ನಲ್ ಸಂದೇಶಗಳಲ್ಲಿ ಫರ್ಮ್‌ವೇರ್ ಸಿಗಲಿಲ್ಲ ಎಂಬ ಸಾಲು ಇದೆಯೇ ಎಂದು ಹುಡುಕಬೇಕು.

ವಿಂಡೋಸ್ ಜೊತೆಗೇ ಲಿನಕ್ಸ್ ಇಟ್ಟುಕೊಳ್ಳುವವರ ತಾಪತ್ರಯಗಳೇ ಬೇರೆ. ವಿಂಡೋಸ್ 8 ಜೊತೆ ಬಂದ, ಸಹಿಯಿಲ್ಲದ ಲೋಡರನ್ನು ತಡೆಯುವ ಸೆಕ್ಯೂರ್ ಬೂಟ್ ಶುರುವಿನಲ್ಲಿ ದಿಗಿಲು ಹುಟ್ಟಿಸಿತು. ‘ಶಿಮ್’ ಎಂಬ ಸಹಿ ಪಡೆದ ಪುಟ್ಟ ಲೋಡರ್ ಬಂದು ಅದನ್ನು ನೀಗಿಸಿತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಅದರ ಡ್ರೈವಿಗೆ ಲಿನಕ್ಸಿನಿಂದ ಬರೆಯಲಾಗುವುದಿಲ್ಲ, ಫಾಸ್ಟ್ ಸ್ಟಾರ್ಟಪ್ಪನ್ನು ಆಫ್ ಮಾಡಬೇಕು. ಗಡಿಯಾರವೂ ತಪ್ಪುತ್ತದೆ. ಯಂತ್ರದ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಎಂದು ಓದಿದರೆ ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ಹಾಗಾಗಿ ನಮ್ಮಲ್ಲಿ ವಿಂಡೋಸ್ ಸರಿಯಾಗಿ ಐದೂವರೆ ಗಂಟೆ ಹಿಂದಕ್ಕೆ ಬೀಳುತ್ತದೆ. ಬ್ಯಾಟರಿ ಹೋಯಿತೆಂದು ಅಂಗಡಿಗೆ ಓಡಬೇಕಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಗಟ್ಟಿಮುಟ್ಟಾದ ಯಂತ್ರಗಳಿಗೆ ಲಿನಕ್ಸ್ ಮಿಂಟ್‌ನಂಥವು ಒಳ್ಳೆಯ ದಾರಿ. ಹೀಗೆ ಹೊಸದಾಗಿ ಲಿನಕ್ಸಿಗೆ ಬರುವವರಿಗೆ ಉತ್ತರಗಳ ಕೊರತೆಯಿಲ್ಲ, ಹಳಸಿದ ಉತ್ತರಗಳದ್ದೇ ತೊಂದರೆ. ಹಳೆಯ ಪರದೆ ವ್ಯವಸ್ಥೆಯಾದ ಎಕ್ಸ್ ಸರ್ವರಿಗೆಂದು 2012ರಲ್ಲಿ ಬರೆದ ಪರಿಹಾರ ಅದರ ಜಾಗಕ್ಕೆ ಬಂದ ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ನಿರ್ವಾಹಕನ ಅಧಿಕಾರ ಕೊಡುವ ‘ಸುಡೊ’ ಇರುವ ಸಾಲನ್ನು ನಕಲಿಸುವ ಮುನ್ನ ಅದರ ವರ್ಷ ಮತ್ತು ಆವೃತ್ತಿ ನೋಡಬೇಕು, ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ತಂತ್ರಾಂಶದಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟಿರಬೇಕು.

ಕನ್ನಡ ಟೈಪಿಸುವ ಪಾಡು ಮಾತ್ರ ನಿಜಕ್ಕೂ ಸುಧಾರಿಸಿದೆ. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಒತ್ತಕ್ಷರಗಳು ಒಡೆಯದೆ ಮೂಡುತ್ತವೆ. ಓಂಶಿವಪ್ರಕಾಶರ ‘ಲಿನಕ್ಸಾಯಣ’ದಂಥ ಪ್ರಯತ್ನಗಳು ಕನ್ನಡದಲ್ಲೇ ಹೇಳಿಕೊಡಬಹುದೆಂದು ತೋರಿಸಿವೆ. ವೈಫೈ, ಪ್ರಿಂಟರ್, ಡ್ಯುಯಲ್ ಬೂಟ್ ಈ ಮೂರಕ್ಕಾದರೂ ವರ್ಷಕ್ಕೊಮ್ಮೆ ತಿದ್ದಿ ಹೊಸದಾಗಿಸುವ ಕನ್ನಡ ಕೈಪಿಡಿ ತುರ್ತಾಗಿ ಬೇಕಾಗಿದೆ.