ಬಿಟ್ಟ ಮೇಲಿನ ಸಂಜೆಗಳು

ಕುಡಿತ ಬಿಡುವುದು ನಮ್ಮ ಊರುಗಳಲ್ಲಿ ಅಪರೂಪವೇನಲ್ಲ. ಮಗುವಿನ ತಲೆ ಮುಟ್ಟಿ ಆಣೆ ಹಾಕಿದವರು, ಡಾಕ್ಟರು ಲಿವರ್ ರಿಪೋರ್ಟ್ ತೋರಿಸಿ ಗದರಿದ ಮೇಲೆ ನಾಲ್ಕು ತಿಂಗಳು ಮುಟ್ಟದವರು, ಅಯ್ಯಪ್ಪನ ಮಾಲೆ ಹಾಕಿ ನಲವತ್ತೊಂದು ದಿನ ಬಾರ್ ಇರುವ ರಸ್ತೆಯಲ್ಲೇ ತಲೆಯೆತ್ತಿ ಓಡಾಡಿದವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಅಷ್ಟು ದಿನ ಬಿಟ್ಟಿದ್ದವನು ಮತ್ತೆ ಯಾಕೆ ಹಿಡಿದ ಎಂದು ಕೇಳಿದರೆ ಮನೆಯವರ ಉತ್ತರ ಸಾಮಾನ್ಯವಾಗಿ ಒಂದೇ: ಮನಸ್ಸು ಗಟ್ಟಿಯಿಲ್ಲ. ಆದರೆ ಮಾಲೆ ಹಾಕಿದ್ದಾಗ ಅದೇ ಮನಸ್ಸು ಗಟ್ಟಿಯಾಗಿಯೇ ಇತ್ತಲ್ಲ. ಆಗ ಸಂಜೆಯಾದರೆ ಭಜನೆ ಇತ್ತು, ಅದೇ ವ್ರತದಲ್ಲಿದ್ದ ನಾಲ್ಕು ಜನ ಜೊತೆಗಿದ್ದರು, ಹಿಂದೆ ಎಷ್ಟೋ ಸಲ ಮಲೆ ಹತ್ತಿ ಬಂದ ಗುರುಸ್ವಾಮಿ ಇದ್ದರು. ಮಾಲೆ ತೆಗೆದ ದಿನ ಇವೆಲ್ಲ ಒಟ್ಟಿಗೇ ಹೋಗುತ್ತವೆ, ಸಂಜೆ ಮಾತ್ರ ಉಳಿಯುತ್ತದೆ. ಕುಡಿತ ಬಿಟ್ಟವರೇ ಕೂಡಿ ಕಟ್ಟಿಕೊಂಡ ಗುಂಪುಗಳ ಸುಮಾರು ಇನ್ನೂರು ವರ್ಷದ ಚರಿತ್ರೆಯನ್ನು ಈ ಸಂಜೆಯನ್ನು ತುಂಬುವ ಪ್ರಯತ್ನಗಳ ಚರಿತ್ರೆಯಾಗಿ ಓದಬಹುದು ಎಂಬುದು ನನ್ನ ವಾದ. ಗುಂಪಿನ ತತ್ವ ಯಾವುದು, ದೇವರು ಯಾರು ಎಂಬುದಕ್ಕಿಂತ ಅದು ಎಷ್ಟು ಕಾಲ ಬಿಡದೆ ಕೂಡುತ್ತದೆ ಎಂಬುದೇ ಅದರ ಗುಣವನ್ನು ಹೆಚ್ಚು ನಿರ್ಧರಿಸಿದೆ.

1840ರ ಏಪ್ರಿಲ್‌ನಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಒಂದು ಹೆಂಡದಂಗಡಿಯಲ್ಲಿ ಕೂತಿದ್ದ ಆರು ಮಂದಿ ಇನ್ನು ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿ ಒಂದು ಸಂಘ ಕಟ್ಟಿದರು. ಜಾರ್ಜ್ ವಾಷಿಂಗ್ಟನ್ನನ ಹೆಸರಿಟ್ಟುಕೊಂಡ ಈ ‘ವಾಷಿಂಗ್ಟೋನಿಯನ್’ ಚಳವಳಿಗೆ ಮೊದಲು ಅಲ್ಲಿ ಪಾನನಿರೋಧದ ಮಾತಾಡುತ್ತಿದ್ದವರು ಬಹುಮಟ್ಟಿಗೆ ಎಂದೂ ಕುಡಿಯದ ಪಾದ್ರಿಗಳು, ಗಣ್ಯರು. ಕುಡುಕರು ಅವರ ಭಾಷಣಕ್ಕೆ ವಸ್ತುವಾಗಿದ್ದರೇ ಹೊರತು ಭಾಷಣ ಮಾಡುವವರಾಗಿರಲಿಲ್ಲ. ಇಲ್ಲಿ ಕುಡಿದು ಕೆಟ್ಟವನೇ ಎದ್ದು ನಿಂತು ತನ್ನ ಕತೆ ಹೇಳಿದ. ಕೇಳುವವರಲ್ಲಿ ಒಬ್ಬ ‘ನನ್ನದೂ ಇದೇ’ ಎಂದು ಮುಂದೆ ಬಂದ. ಕೆಲವೇ ವರ್ಷಗಳಲ್ಲಿ ಪ್ರತಿಜ್ಞೆಗೆ ಸಹಿ ಹಾಕಿದವರ ಲೆಕ್ಕ ಲಕ್ಷಗಳಿಗೆ ಹೋಯಿತು. 1842ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಇವರ ಸಭೆಯಲ್ಲಿ ಮಾತಾಡಿದ ಯುವ ವಕೀಲ ಅಬ್ರಹಾಂ ಲಿಂಕನ್, ಕುಡುಕನನ್ನು ಶಪಿಸುವ ಹಳೆಯ ಧಾಟಿಯನ್ನು ಟೀಕಿಸಿ ಈ ಹೊಸ ಧಾಟಿಯನ್ನು ಹೊಗಳಿದ. ಆ ದಶಕ ಮುಗಿಯುವ ಹೊತ್ತಿಗೆ ಚಳವಳಿ ಹೇಳಹೆಸರಿಲ್ಲದಂತಾಯಿತು. ಮದ್ಯ ನಿಷೇಧದ ರಾಜಕೀಯ ಅದನ್ನು ಎಳೆದಾಡಿತು, ಮೆರವಣಿಗೆ ಮತ್ತು ವೇದಿಕೆಯ ಮೋಹ ಹತ್ತಿಕೊಂಡಿತು. ಇವೆಲ್ಲಕ್ಕಿಂತ ದೊಡ್ಡ ಕೊರತೆ ಇನ್ನೊಂದು: ಸಹಿ ಹಾಕಿದವನು ಮುಂದಿನ ವರ್ಷ ಏನು ಮಾಡಬೇಕು ಎಂಬುದಕ್ಕೆ ಅವರಲ್ಲಿ ಗಟ್ಟಿ ಏರ್ಪಾಡಿರಲಿಲ್ಲ. ಆಣೆಯ ದಿನವನ್ನು ಅವರು ಚೆನ್ನಾಗಿ ಅರಿತಿದ್ದರು, ಸಾವಿರದ ದಿನವನ್ನಲ್ಲ.

ಆ ಕೊರತೆಗೆ ಉತ್ತರ ಸಿಕ್ಕಿದ್ದು ಸುಮಾರು ನೂರು ವರ್ಷದ ನಂತರ, 1935ರಲ್ಲಿ, ಒಹಾಯೋ ರಾಜ್ಯದ ಆಕ್ರನ್‌ನಲ್ಲಿ. ವ್ಯಾಪಾರಕ್ಕೆಂದು ಬಂದು ಕೈಸುಟ್ಟುಕೊಂಡ ನ್ಯೂಯಾರ್ಕಿನ ಷೇರು ದಲ್ಲಾಳಿ ಬಿಲ್ ವಿಲ್ಸನ್ ಕುಡಿತ ಬಿಟ್ಟು ಆಗ ಕೆಲವು ತಿಂಗಳಷ್ಟೇ ಆಗಿತ್ತು. ಹೋಟೆಲಿನ ಬಾರಿನ ಸದ್ದು ಕಿವಿಗೆ ಬೀಳುತ್ತಿದ್ದಾಗ ಅವನು ಹುಡುಕಿದ್ದು ವೈದ್ಯನನ್ನಲ್ಲ, ಇನ್ನೊಬ್ಬ ಕುಡುಕನನ್ನು. ಸಿಕ್ಕಿದವನು ಆಕಸ್ಮಿಕವಾಗಿ ವೈದ್ಯನೇ ಆಗಿದ್ದ: ಕೈ ನಡುಗುತ್ತಿದ್ದ ಶಸ್ತ್ರಚಿಕಿತ್ಸಕ ರಾಬರ್ಟ್ ಸ್ಮಿತ್. ಸ್ಮಿತ್ ಕಡೆಯ ಸಲ ಕುಡಿದನೆಂದು ಹೇಳಲಾಗುವ ಜೂನ್ 10ನೇ ತಾರೀಖೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಹುಟ್ಟಿದ ದಿನವಾಯಿತು. ವಿಲ್ಸನ್ ಕಂಡುಕೊಂಡದ್ದು ಸಣ್ಣ ಸಂಗತಿ, ಆದರೆ ಅದರ ಪರಿಣಾಮ ದೊಡ್ಡದು: ಎದುರಿಗಿರುವವನು ಬಿಡಲಿ, ಬಿಡದಿರಲಿ, ಅವನ ಜೊತೆ ಕೂತು ಮಾತಾಡಿದ್ದರಿಂದ ಆ ಸಂಜೆ ತಾನು ಕುಡಿಯಲಿಲ್ಲ. ನೆರವು ಕೊಡುವವನಿಗೇ ಮೊದಲ ಲಾಭ ಎಂಬ ಈ ತಿರುವು ಇಲ್ಲದಿದ್ದರೆ ಎ.ಎ. ಕೂಡ ಇನ್ನೊಂದು ಧರ್ಮಕಾರ್ಯವಾಗಿ ಉಳಿಯುತ್ತಿತ್ತು. 1939ರಲ್ಲಿ ಕುಡಿತ ಬಿಡುವ ದಾರಿಯನ್ನು ಹನ್ನೆರಡು ಹೆಜ್ಜೆಗಳಲ್ಲಿ ಹೇಳುವ ಪುಸ್ತಕ ಬಂದಾಗ ಸದಸ್ಯರು ನೂರರ ಆಸುಪಾಸು; 1941ರಲ್ಲಿ ಒಂದು ಜನಪ್ರಿಯ ವಾರಪತ್ರಿಕೆಯ ಲೇಖನ ಬಂದ ಮೇಲೆ ಅವರು ಸಾವಿರಗಳಲ್ಲಿ ಬೆಳೆದರು. ಇಂದು ಸುಮಾರು 180 ದೇಶಗಳಲ್ಲಿ ಲಕ್ಷಕ್ಕೂ ಮೀರಿ ಗುಂಪುಗಳಿವೆ.

ಹೆಜ್ಜೆಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಹೆಚ್ಚು ಕುತೂಹಲದ್ದು 1950ರಲ್ಲಿ ಕ್ಲೀವ್‌ಲ್ಯಾಂಡಿನ ಸಮ್ಮೇಳನ ಒಪ್ಪಿಕೊಂಡ ‘ಸಂಪ್ರದಾಯಗಳು’, ಅಂದರೆ ಗುಂಪು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಹೊರಗಿನವರಿಂದ ದುಡ್ಡು ಬೇಡ, ಆಸ್ತಿ ಬೇಡ, ಯಾವ ಪಕ್ಷ ಯಾವ ವಿವಾದದಲ್ಲೂ ತಲೆಹಾಕುವುದು ಬೇಡ, ನಾಯಕರು ಬೇಡ, ಪತ್ರಿಕೆಯಲ್ಲಿ ಹೆಸರು ಬೇಡ. ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆ ಮಾತ್ರ. ವಾಷಿಂಗ್ಟೋನಿಯನ್ನರು ಮುಗ್ಗರಿಸಿದ ಒಂದೊಂದು ಕಲ್ಲನ್ನೂ ಗುರುತು ಹಾಕಿ ಬೇಲಿ ಕಟ್ಟಿದ ಹಾಗಿದೆ. ಈ ನಿಯಮಗಳಿಂದಾಗಿ ಸಭೆಯೊಂದು ನಡೆಯಲು ಬೇಕಾದದ್ದು ಬಹಳ ಕಡಿಮೆ: ಶಾಲೆಯದೋ ಚರ್ಚಿನದೋ ಒಂದು ಕೋಣೆ, ಹತ್ತಾರು ಕುರ್ಚಿ, ಚಹಾ. ಗಂಟೆ, ಒಂದೂವರೆ ಗಂಟೆಯ ಹೊತ್ತು ಒಬ್ಬೊಬ್ಬರಾಗಿ ತಮ್ಮದನ್ನು ಹೇಳುತ್ತಾರೆ. ನಡುವೆ ಬಾಯಿ ಹಾಕಿ ಬುದ್ಧಿ ಹೇಳುವಂತಿಲ್ಲ. ಚೀಲ ತಿರುಗುತ್ತದೆ, ಇದ್ದವರು ಕಾಸು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ. ಹೊಸಬ ಹೊರಡುವಾಗ ಅವನ ಜೇಬಿನಲ್ಲಿ ಎರಡು ಮೂರು ಫೋನ್ ನಂಬರ್ ಇರುತ್ತವೆ, ರಾತ್ರಿ ಹನ್ನೊಂದಕ್ಕೆ ಗಂಟಲು ಒಣಗಿದರೆ ಕರೆಯುವುದಕ್ಕೆ. ಬಡತನವನ್ನೇ ನಿಯಮ ಮಾಡಿಕೊಂಡದ್ದರಿಂದ, ಅನುದಾನ ನಿಂತು ಮುಚ್ಚಿಹೋಗುವ ಭಯ ಈ ಸಭೆಗಳಿಗೆ ಇಲ್ಲವೇ ಇಲ್ಲ.

ಬೇರೆ ದೇಶಗಳು ಈ ಮಾದರಿಯನ್ನು ಹಾಗೇ ತಂದುಕೊಳ್ಳಲಿಲ್ಲ ಎನ್ನುವುದು ನಮಗೆ ಮುಖ್ಯ. ಜಪಾನಿನ ಕೊಚಿಯಲ್ಲಿ 1958ರಲ್ಲಿ ಹುಟ್ಟಿ 1963ರಲ್ಲಿ ರಾಷ್ಟ್ರೀಯ ಒಕ್ಕೂಟವಾದ ‘ದಾನ್‌ಶುಕೈ’ ಎ.ಎ.ಯಿಂದ ಸ್ಫೂರ್ತಿ ಪಡೆದರೂ ಅನಾಮಿಕತೆಯನ್ನು ಕೈಬಿಟ್ಟಿತು: ಸದಸ್ಯರು ಹೆಸರು ಹೇಳುತ್ತಾರೆ, ಚಂದಾ ಕೊಡುತ್ತಾರೆ, ಹೆಂಡತಿಯೊಡನೆ ಬಂದು ಕೂರುತ್ತಾರೆ. 1964ರಲ್ಲಿ ಜಾಗ್ರೆಬ್‌ನ ಮನೋವೈದ್ಯ ವ್ಲಾದಿಮಿರ್ ಹುದೋಲಿನ್ ಶುರುಮಾಡಿದ ಕ್ಲಬ್ಬುಗಳಲ್ಲಿ ಸದಸ್ಯತ್ವ ಇಡೀ ಕುಟುಂಬದ್ದು. ಹನ್ನೆರಡು ಕುಟುಂಬ ಮೀರಿದರೆ ಕ್ಲಬ್ಬು ಒಡೆದು ಎರಡಾಗಬೇಕು. ಆ ಪದ್ಧತಿ ಮುಂದೆ ಇಟಲಿಯಲ್ಲಿ ಚೆನ್ನಾಗಿ ಬೇರೂರಿತು. ಅಮೆರಿಕದ ಒಳಗೇ ಜಗಳ ಬೇರೆ ಬಗೆಯದು. 1975ರಲ್ಲಿ ‘ವಿಮೆನ್ ಫಾರ್ ಸೊಬ್ರೈಟಿ’ ಕಟ್ಟಿದ ಜೀನ್ ಕರ್ಕ್‌ಪ್ಯಾಟ್ರಿಕ್, ಎ.ಎ.ಯ ಮೊದಲ ಹೆಜ್ಜೆಯನ್ನೇ ಪ್ರಶ್ನಿಸಿದರು: ‘ನಾನು ಅಸಹಾಯಕ’ ಎಂದು ಒಪ್ಪಿಕೊಳ್ಳುವುದು ಅಹಂಕಾರ ಇಳಿಯಬೇಕಾದ ಗಂಡಸಿಗೆ ಔಷಧ ಇರಬಹುದು, ಹುಟ್ಟಿದಾಗಿನಿಂದ ಅಸಹಾಯಕಳೆಂದೇ ಹೇಳಿಸಿಕೊಂಡ ಹೆಣ್ಣಿಗೆ ಅದರಿಂದ ಏನು ಸಿಗುತ್ತದೆ? ಮಾತಿನಲ್ಲಿ ಹುರುಳಿದೆ. ದೇವರ ಮಾತು ಬೇಡವೆಂದವರಿಗೆ 1985ರಲ್ಲಿ ‘ಸೆಕ್ಯುಲರ್ ಆರ್ಗನೈಸೇಷನ್ಸ್ ಫಾರ್ ಸೊಬ್ರೈಟಿ’ ಬಂತು, 1994ರಲ್ಲಿ ಮನಶ್ಶಾಸ್ತ್ರದ ಸಲಕರಣೆಗಳನ್ನೇ ನೆಚ್ಚಿದ ‘ಸ್ಮಾರ್ಟ್ ರಿಕವರಿ’ ಬಂತು. ಇಷ್ಟು ಭಿನ್ನಮತದ ನಡುವೆಯೂ ಅಲುಗದೆ ಉಳಿದದ್ದು ಒಂದೇ: ಅನುಭವ ಉಳ್ಳವರು, ಗೊತ್ತಾದ ಹೊತ್ತಿಗೆ, ಮತ್ತೆ ಮತ್ತೆ ಕೂಡುವುದು.

ಇದಕ್ಕೆಲ್ಲ ಪುರಾವೆ ಏನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಿಡಬೇಕೆಂಬ ಛಲ ಇರುವವನೇ ಸಭೆಗೆ ಹೋಗುತ್ತಾನೆ, ಅವನು ಹೋಗದಿದ್ದರೂ ಬಿಡುತ್ತಿದ್ದ ಎಂದು ಸಂಶಯವಾದಿಗಳು ಬಹುಕಾಲ ಹೇಳಿದರು. ಅದನ್ನು ತಳ್ಳಿಹಾಕುವಂತಿರಲಿಲ್ಲ. 1991ರಲ್ಲಿ ಅಮೆರಿಕದ 227 ಕಾರ್ಮಿಕರ ಮೇಲೆ ನಡೆದ ಪ್ರಯೋಗದಲ್ಲಿ, ಎ.ಎ.ಗೆ ಮಾತ್ರ ಕಳಿಸಿದವರಿಗಿಂತ ಮೊದಲು ಆಸ್ಪತ್ರೆಗೆ ಸೇರಿಸಿದವರೇ ಚೆನ್ನಾಗಿ ಉಳಿದರು. ಕೆಲಸ ಹೋಗುವ ಭಯದಲ್ಲಿ ಕಡ್ಡಾಯವಾಗಿ ಹೋದವರು ಅವರು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ‘ಪ್ರಾಜೆಕ್ಟ್ ಮ್ಯಾಚ್’ ಎಂಬ ದೊಡ್ಡ ಅಧ್ಯಯನ 1,726 ಜನರನ್ನು ಚೀಟಿ ಎತ್ತಿದಂತೆ ಮೂರು ಬಗೆಯ ಚಿಕಿತ್ಸೆಗೆ ಹಂಚಿತು. ಅದರಲ್ಲೊಂದು, ರೋಗಿಯನ್ನು ಎ.ಎ. ಸಭೆಗೆ ಒಗ್ಗಿಸುವಂಥದು. ಒಟ್ಟಾರೆ ಮೂರರ ಫಲವೂ ಹೆಚ್ಚುಕಮ್ಮಿ ಸಮ. ಆದರೆ ಮೂರು ವರ್ಷದ ನಂತರ ನೋಡಿದಾಗ, ಸುತ್ತಲಿನ ಗೆಳೆಯರು ಕುಡಿತಕ್ಕೇ ಎಳೆಯುವಂಥವರಾಗಿದ್ದ ಹೊರರೋಗಿಗಳಲ್ಲಿ ಎ.ಎ. ದಾರಿ ಹಿಡಿದವರು ಮುಂದಿದ್ದರು. ಹಳೆಯ ಬಳಗ ಯಾರಿಗೆ ಹೆಚ್ಚು ಅಪಾಯವೋ ಅವರಿಗೇ ಹೊಸ ಬಳಗದಿಂದ ಹೆಚ್ಚು ಪ್ರಯೋಜನ. ಹಾರ್ವರ್ಡ್‌ನ ಜಾನ್ ಕೆಲಿ ಮತ್ತಿತರರು, ಈ ಗುಂಪುಗಳು ಕೆಲಸ ಮಾಡುವ ಬಗೆಯನ್ನು ಬಿಡಿಸಿ ನೋಡಿದಾಗಲೂ ಒಡನಾಟದ ಬದಲಾವಣೆ, ‘ಇಂಥ ಹೊತ್ತಲ್ಲೂ ನಾನು ಕುಡಿಯದೆ ಇರಬಲ್ಲೆ’ ಎಂಬ ಧೈರ್ಯ, ಇವೆರಡಕ್ಕೇ ದೊಡ್ಡ ಪಾಲು ಸಿಕ್ಕಿತು. ಚಟ ತೀರ ಬಲಿತವರಲ್ಲಿ ಅಧ್ಯಾತ್ಮಕ್ಕೂ ಒಂದು ಪಾಲಿತ್ತು. 2020ರ ಕಾಕ್ರೇನ್ ವಿಮರ್ಶೆ 27 ಅಧ್ಯಯನಗಳ 10,565 ಜನರ ಫಲಿತಾಂಶ ಒಟ್ಟುಗೂಡಿಸಿತು. ಒಂದು ವರ್ಷದ ಕೊನೆಗೆ ಪೂರ್ತಿ ಬಿಟ್ಟಿರುವವರು, ಎ.ಎ.ಗೆ ಒಗ್ಗಿಸುವ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಶೇ. 42, ಬೇರೆ ಮನಶ್ಚಿಕಿತ್ಸೆ ಪಡೆದವರಲ್ಲಿ ಶೇ. 35. ಇದು ಪವಾಡವಲ್ಲ, ಪುಕ್ಕಟೆ ಸಿಗುವ ಏರ್ಪಾಡೊಂದು ತಜ್ಞರ ಚಿಕಿತ್ಸೆಯ ಪಕ್ಕದಲ್ಲಿ ನಿಲ್ಲಬಲ್ಲದು ಎಂಬುದಷ್ಟೇ. ದೈವವನ್ನು ನೆಚ್ಚದ ಗುಂಪುಗಳೂ, ಸದಸ್ಯರ ಗುರಿ ಪೂರ್ತಿ ಬಿಡುವುದೇ ಆಗಿದ್ದಲ್ಲಿ, ಹಿಂದೆ ಬೀಳುವುದಿಲ್ಲವೆಂದು 2018ರ ಅಧ್ಯಯನವೊಂದು ತೋರಿಸಿತು.

ಭಾರತಕ್ಕೆ ಎ.ಎ. ಬಂದದ್ದು 1957ರಲ್ಲಿ, ದೆಹಲಿಯ ಮೂಲಕ. 1980ರಲ್ಲಿ ಶಾಂತಿ ರಂಗನಾಥನ್ ಮದರಾಸಿನಲ್ಲಿ ಆರಂಭಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ವ್ಯಸನ ಚಿಕಿತ್ಸೆಯನ್ನು ಹುಚ್ಚಾಸ್ಪತ್ರೆಯ ನೆರಳಿನಿಂದ ಹೊರತಂದಿತು, ಹಳ್ಳಿಗಳಿಗೂ ಶಿಬಿರ ಒಯ್ದಿತು. ಅಗತ್ಯದ ಎದುರು ಇವು ಎಷ್ಟರವು ಎಂಬುದನ್ನು ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಹೇಳುತ್ತದೆ. ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ. ಕುಡಿತದ ತೊಂದರೆಗೆ ನೆರವು ಬೇಕಾದವರು 5.7 ಕೋಟಿಗೂ ಮೇಲೆ. ಚಟಕ್ಕೆ ಬಿದ್ದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ, ಆಸ್ಪತ್ರೆಯ ಮಂಚ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ. ಈ ಅಂತರವನ್ನು ಮನೋವೈದ್ಯರ ಸಂಖ್ಯೆ ಹೆಚ್ಚಿಸಿಯೇ ತುಂಬುತ್ತೇವೆಂದರೆ ಎರಡು ತಲೆಮಾರು ಕಾಯಬೇಕು.

ಕರ್ನಾಟಕದಲ್ಲಿ ಈ ಕ್ಷೇತ್ರಕ್ಕೆ ತನ್ನದೇ ಒಂದು ರೂಪ ಬಂದದ್ದು ಧರ್ಮಸ್ಥಳದಿಂದ. ಅಲ್ಲಿನ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಈಗ ಸಾವಿರದ ಲೆಕ್ಕ ದಾಟಿವೆ. ಊರಿನ ಸಭಾಭವನದಲ್ಲೋ ಕಲ್ಯಾಣಮಂಟಪದಲ್ಲೋ ಎಂಟು ದಿನ. ಯೋಗ, ಭಜನೆ, ಉಪನ್ಯಾಸ, ವೈದ್ಯರ ತಪಾಸಣೆ, ಮನೆಯವರೊಡನೆ ಮಾತು. ಊರವರೇ ಸಮಿತಿ ಮಾಡಿಕೊಂಡು ಊಟದ ಖರ್ಚು ಹೊರುತ್ತಾರೆ. ಹೊರಬಂದವರು ‘ನವಜೀವನ ಸಮಿತಿ’ಯ ಸದಸ್ಯರು, ನೂರು ದಿನ ದಾಟಿದವರಿಗೆ ಶತದಿನೋತ್ಸವ. ಜಪಾನಿನವರಂತೆ ಇಲ್ಲೂ ಅನಾಮಿಕತೆ ಇಲ್ಲ, ಕುಟುಂಬ ಉಂಟು; ಎ.ಎ.ಯಲ್ಲಿಲ್ಲದ ನಾಯಕತ್ವವೂ ಉಂಟು, ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮಾತಿನ ತೂಕವೂ ಉಂಟು. ಇದನ್ನು ಭಕ್ತಿಯ ಬಿಸಿ ಎಂದು ನಗರದವರು ಉಪೇಕ್ಷಿಸುವುದು ತಪ್ಪು. ಎಲ್ಲರೂ ಕಾಣುವಂತೆ ಶಿಬಿರದಲ್ಲಿ ಕೂತವನಿಗೆ ಊರು ಹೊಸ ಹೆಸರು ಕೊಡುತ್ತದೆ, ಅದು ಸಣ್ಣದಲ್ಲ. ಆದರೆ ನನ್ನ ತಕರಾರು ಇರುವುದು ಎಂಟನೇ ದಿನದ ಆಚೆ. ಬ್ಯಾನರು, ಅತಿಥಿಗಳು, ಪತ್ರಿಕೆಯ ಫೋಟೊ ಎಲ್ಲ ಶಿಬಿರಕ್ಕೇ. ವಾರಕ್ಕೊಮ್ಮೆ ಎಂಟು ಜನ ಸುಮ್ಮನೆ ಕೂಡುವ ನವಜೀವನ ಸಭೆಗೆ ಅತಿಥಿ ಬೇಕಿಲ್ಲ, ಹಾಗಾಗಿ ಸುದ್ದಿಯೂ ಇಲ್ಲ. ಸಮಿತಿ ತಪ್ಪದೆ ಕೂಡುವ ಊರಲ್ಲಿ ಶಿಬಿರ ನಿಜವಾದ ಆರಂಭ. ಕೂಡದ ಊರಲ್ಲಿ ಅದು ಎಂಟು ದಿನದ ಮಾಲೆಯೇ.

ಹಳ್ಳಿಯಲ್ಲಿ ಗುಟ್ಟು ಉಳಿಯುವುದಿಲ್ಲ, ಆದ್ದರಿಂದ ಇಂಥ ಗುಂಪುಗಳು ನಮಗೆ ಒಗ್ಗುವುದಿಲ್ಲ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಯಾರು ಕುಡಿಯುತ್ತಾರೆಂಬುದು ಊರಿಗೆ ಹೇಗೂ ಗೊತ್ತು. ಕಾಪಾಡಬೇಕಾದದ್ದು ಸಭೆಯಲ್ಲಿ ಆಡಿದ ಮಾತನ್ನು, ಆ ಕಟ್ಟುನಿಟ್ಟು ಹೆಸರು ಹೇಳುವ ಗುಂಪಿಗೂ ಸಾಧ್ಯ. ದೇವರ ವಿಷಯದ ಆಕ್ಷೇಪ ಇನ್ನೂ ಗಂಭೀರ. ಎ.ಎ.ಗೆ ಬಲವಂತವಾಗಿ ಕಳಿಸುವುದು ಧಾರ್ಮಿಕ ಸ್ವಾತಂತ್ರ್ಯದ ಉಲ್ಲಂಘನೆ ಎಂದು ಅಮೆರಿಕದ ನ್ಯಾಯಾಲಯಗಳು 1996ರಲ್ಲೇ ಹೇಳಿವೆ. ಬೇರೆ ಧರ್ಮದವನಿಗೆ, ನಾಸ್ತಿಕನಿಗೆ, ದೇವಸ್ಥಾನದ ಹೊರಗೇ ನಿಲ್ಲಿಸಿಕೊಂಡ ಸಮುದಾಯದವನಿಗೆ ಭಜನೆಯ ಶಿಬಿರ ಮನೆಯಂತೆ ಅನ್ನಿಸದಿರುವುದು ಸಹಜ. ಅದಕ್ಕೆ ಪರಿಹಾರ ಗುಂಪಿನ ಬಗೆಗಳು ಹೆಚ್ಚುವುದು. ದೊಡ್ಡ ಏರ್ಪಾಡು ಬೇಕಿಲ್ಲ, ಒಂದು ಗ್ರಂಥಾಲಯದ ಕೋಣೆ ಸಾಕು. ಇನ್ನೊಂದು ಮಾತಿಗೆ ಎದುರಾಡುವಂತೆಯೇ ಇಲ್ಲ: ಗುಂಪು ಆಸ್ಪತ್ರೆಗೆ ಬದಲಿಯಲ್ಲ. ದಿನವೂ ವಿಪರೀತ ಕುಡಿಯುವವನು ಒಮ್ಮೆಗೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಂಡು ಕೇಳಿಸಿ ಪ್ರಜ್ಞೆ ಕದಡಬಹುದು, ಜೀವವೇ ಹೋಗಬಹುದು. ಮೊದಲ ವಾರ ವೈದ್ಯರ ಕಣ್ಣಳತೆಯಲ್ಲಿ ಕಳೆಯಬೇಕು. ಚಪಲ ತಗ್ಗಿಸುವ ಮಾತ್ರೆಗಳಿವೆ, ಅವನ್ನು ನುಂಗಿಯೂ ಸಭೆಗೆ ಹೋಗಬಹುದು. ಮಾತ್ರೆಯನ್ನು ಹಂಗಿಸುವ ಗುಂಪಾದರೆ ಬೇರೆ ಗುಂಪು ನೋಡಿಕೊಳ್ಳುವುದು ಲೇಸು.

ಹುಡುಕುವವರಿಗೆ ದಾರಿಗಳು ಈಗ ಹಿಂದಿಗಿಂತ ಹೆಚ್ಚಿವೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮನಸ್ 14416 ಎರಡೂ ಉಚಿತ; ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಕುಡಿಯುವವನು ಇನ್ನೂ ಒಪ್ಪದ ಮನೆಯವರಿಗೆ 1951ರಿಂದ ಇರುವ ಅಲ್-ಅನಾನ್ ಇದೆ, ಅದಕ್ಕೆ ಅವನ ಒಪ್ಪಿಗೆ ಬೇಕಿಲ್ಲ. ಒಂದೇ ಸಭೆ ನೋಡಿ ತೀರ್ಮಾನಿಸದೆ ನಾಲ್ಕಾರು ಗುಂಪು ಸುತ್ತಿ ನೋಡಬೇಕು, ಒಂದೇ ಹೆಸರಿನ ಎರಡು ಗುಂಪುಗಳ ಗುಣವೂ ಬೇರೆಬೇರೆ ಇರುತ್ತದೆ. ಇನ್ನೂ ಬಾಗಿಲು ಕಾಣದೆ ಉಳಿದಿರುವವರು ಹೆಂಗಸರು. 2019ರ ಏಮ್ಸ್ ಸಮೀಕ್ಷೆಯ ಪ್ರಕಾರ ಗಂಡಸರಲ್ಲಿ ಶೇ. 27.3 ಮಂದಿ ಕುಡಿದರೆ ಹೆಂಗಸರಲ್ಲಿ ಶೇ. 1.6; ಆದರೆ ಈ ದೇಶದಲ್ಲಿ ಶೇ. 1.6 ಎಂದರೂ ಅದು ಲಕ್ಷಗಟ್ಟಲೆ ಜನ. ಇಪ್ಪತ್ತು ಗಂಡಸರ ನಡುವೆ ಕೂತು ತನ್ನ ಕತೆ ಹೇಳು ಎಂದು ಅವಳಿಗೆ ಹೇಳುವುದು ಸುಲಭವಲ್ಲ. 2020ರ ಕೋವಿಡ್ ಲಾಕ್‌ಡೌನ್‌ನಲ್ಲಿ ಸಭೆಗಳು ಜೂಮ್‌ಗೆ ಹೋದಾಗ, ಮಕ್ಕಳು ಮಲಗಿದ ಮೇಲೆ, ಕ್ಯಾಮೆರಾ ಆರಿಸಿಕೊಂಡು, ಬೇರೆ ಊರಿನ ಹೆಂಗಸರ ಸಭೆಯಲ್ಲಿ ಕೂರುವುದು ಎಷ್ಟೋ ಮಂದಿಗೆ ಮೊದಲ ಸಲ ಸಾಧ್ಯವಾಯಿತು. ಕೋವಿಡ್ ಇಳಿದ ಮೇಲೂ ಆನ್‌ಲೈನ್ ಸಭೆಗಳು ಮುಚ್ಚಿಲ್ಲ.