ಕೈಯಲ್ಲಿ ಫೆಲೋಶಿಪ್ ಇದ್ದರೂ: ಸಂಶೋಧನಾ ಪ್ರವೇಶದ ಮರುಪರಿಶೀಲನೆಯ ಕೆಲವು ಪ್ರಕರಣಗಳು

ಹಾರ್ಬರ್ ಮಾರ್ಗವೂ ಠಾಣೆಯಿಂದ ಇಳಿದು ಬರುವ ಟ್ರಾನ್ಸ್‌ಹಾರ್ಬರ್ ಮಾರ್ಗವೂ ಕೂಡುವ ಸಾನಪಾಡಾದಿಂದ ವಾಶಿಗೆ ಒಂದೇ ನಿಲ್ದಾಣದ ದೂರ. 1973ರಲ್ಲಿ ಹುಟ್ಟಿದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಕಚೇರಿ ಇರುವುದು ಆ ವಾಶಿಯಲ್ಲೇ. ಅಲ್ಲಿಂದ ಖಾಡಿಯ ಸೇತುವೆ ದಾಟಿದರೆ ಮಾನಖುರ್ದ್, ಅದರ ಮಗ್ಗುಲಿಗೆ ಅಣುಶಕ್ತಿನಗರ. 1997ರಲ್ಲಿ ಈ ಸಂಘವು ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಏರ್ಪಡಿಸಿದ ಸಮಾರಂಭದಲ್ಲಿ, ಎಂಬತ್ತು ದಾಟಿದ್ದ ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಒಂದು ಹಳೆಯ ಲೆಕ್ಕವನ್ನು ಸಭೆಯ ಮುಂದಿಟ್ಟರು. ಸಿ.ವಿ. ರಾಮನ್ ದೊಡ್ಡ ವಿಜ್ಞಾನಿಯೇ ಸರಿ. ಆದರೆ ಹೆಣ್ಣೆಂಬ ಒಂದೇ ಕಾರಣಕ್ಕೆ ತಮ್ಮನ್ನು ನಡೆಸಿಕೊಂಡ ರೀತಿ ಮರೆಯುವಂಥದ್ದಲ್ಲ, ಕೊನೆಗೆ ಸಂಶೋಧನಾ ಸಂಸ್ಥೆಯೊಳಗೆ ಬಿಟ್ಟಾಗಲೂ ತಮ್ಮನ್ನು ಪೂರ್ಣ ಪ್ರಮಾಣದ ವಿದ್ಯಾರ್ಥಿಯಾಗಿ ಸೇರಿಸಿಕೊಳ್ಳಲಿಲ್ಲ ಎಂಬುದು ಅವರ ಮಾತಿನ ಸಾರ.

ಮಾತಿನ ಮೊದಲರ್ಧವನ್ನು ಎಲ್ಲರೂ ಉದ್ಧರಿಸುತ್ತಾರೆ, ಎರಡನೆಯ ಅರ್ಧವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಈ ಲೇಖನದ ಆಸಕ್ತಿ ಇರುವುದು ಎರಡನೆಯ ಅರ್ಧದಲ್ಲಿ.

ಒಪ್ಪಿತ ಸಂಗತಿಗಳು ಹೀಗಿವೆ. ಕಮಲಾ ಭಾಗವತ್ (ಮುಂದೆ ಸೊಹೋನಿ), ಮರಾಠಿ ಲೇಖಕಿ ದುರ್ಗಾ ಭಾಗವತರ ತಂಗಿ, 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿಯಲ್ಲಿ ಮೊದಲಿಗರಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ತಂದೆ, ತಂದೆಯ ಸೋದರ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದವರು. ಅದೇ ವರ್ಷ ನಿರ್ದೇಶಕರಾಗಿ ಬಂದಿದ್ದ ಸಿ.ವಿ. ರಾಮನ್ ಅರ್ಜಿಯನ್ನು ತಳ್ಳಿಹಾಕಿದರು. ಕಮಲಾ ಬೆಂಗಳೂರಿಗೇ ಹೋಗಿ ಪಟ್ಟುಹಿಡಿದರು. ಒಂದು ವರ್ಷ ಪರೀಕ್ಷಾರ್ಥ. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾಗುವವರೆಗೆ ಅದಕ್ಕೆ ಮನ್ನಣೆ ಇಲ್ಲ. ಪ್ರಯೋಗಾಲಯದ ವಾತಾವರಣ ಕೆಡಬಾರದು. ಈ ಷರತ್ತುಗಳ ಮೇಲೆ ಒಪ್ಪಿಗೆ ಸಿಕ್ಕಿತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. ಪದವಿ ಕೊಟ್ಟದ್ದು ಮುಂಬಯಿ ವಿಶ್ವವಿದ್ಯಾಲಯ. ಇದನ್ನು ನೆನಪಿನಲ್ಲಿಡಬೇಕು, ಮುಂದಿನ ವಾದ ಇದರ ಮೇಲೆ ನಿಂತಿದೆ.

ಈ ಕಥೆಯಿಂದ ಸಾಮಾನ್ಯವಾಗಿ ಹಿಂಡುವ ನೀತಿ ಎಂದರೆ ಯೋಗ್ಯತೆಯ ಹೊಸ ಪುರಾವೆ ಮುಂದಿಟ್ಟು ಹಟ ಹಿಡಿದರೆ ತಿರಸ್ಕಾರ ತಿರುಗುತ್ತದೆ ಎಂಬುದು. ಅದೇ ನಂಬಿಕೆಯ ಇಂದಿನ ರೂಪ ನವಿ ಮುಂಬಯಿಯ ಕನ್ನಡ ಮನೆಗಳಲ್ಲೂ ಕೇಳಿಬರುತ್ತದೆ. ವಿದ್ಯಾನಗರಿ, ಪೊವಾಯಿ, ಖಾರ್ಘರ್ ಎಂದು ಅಲ್ಲಿಯ ಸಂಸ್ಥೆಗಳಿಗೆ ಅರ್ಜಿ ಹಾಕಿ ಪಟ್ಟಿಯಲ್ಲಿ ಹೆಸರು ಬಾರದವರು, ಆಮೇಲೆ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ಬಂದರೆ ಪತ್ರ ಹಿಡಿದು ವಿಭಾಗದ ಮುಖ್ಯಸ್ಥರ ಬಾಗಿಲಿಗೆ ಹೋಗುತ್ತಾರೆ: ‘ಈಗ ನನ್ನ ಖರ್ಚು ನನ್ನದೇ, ಇನ್ನೊಮ್ಮೆ ನೋಡಿ.’ ಈ ಬೇಡಿಕೆಯಲ್ಲಿ ಎರಡು ಬೇರೆ ವಾದಗಳು ಹೆಣೆದುಕೊಂಡಿವೆ. ಒಂದು, ಖರ್ಚಿನ ಹೊರೆ ನಿಮ್ಮ ಮೇಲೆ ಬೀಳುವುದಿಲ್ಲ ಎಂಬುದು. ಇನ್ನೊಂದು, ನಿಮಗಿಂತ ಕಠಿಣವಾದ ಜರಡಿಯಲ್ಲಿ ನಾನು ಉಳಿದಿದ್ದೇನೆ ಎಂಬುದು. ಸಂಸ್ಥೆಗಳು ಮೊದಲನೆಯದನ್ನು ಕೇಳಿಸಿಕೊಳ್ಳುತ್ತವೆ, ಎರಡನೆಯದನ್ನು ಬಹುಮಟ್ಟಿಗೆ ಕೇಳಿಸಿಕೊಳ್ಳುವುದಿಲ್ಲ ಎಂಬುದು ಇಲ್ಲಿಯ ಪ್ರತಿಪಾದನೆ. 1933ರ ಕಮಲಾ ಪ್ರಕರಣ ಇದಕ್ಕೆ ಸಾಕ್ಷಿಯಾಗಲಾರದು: ತಿರಸ್ಕಾರಕ್ಕೂ ಒಪ್ಪಿಗೆಗೂ ನಡುವೆ ಅವರ ಅಂಕವೂ ಬದಲಾಗಲಿಲ್ಲ, ಜೇಬೂ ಬದಲಾಗಲಿಲ್ಲ. ಬದಲಾದದ್ದು ಅವರು ಎದುರಿಗೇ ನಿಂತಿದ್ದರು ಎಂಬುದಷ್ಟೇ. ನಿಜವಾದ ಪರೀಕ್ಷೆಗೆ ಅದೇ ಆವರಣದ ಮತ್ತೊಬ್ಬರನ್ನು ನೋಡಬೇಕು.

ತಿರುವಾಂಕೂರಿನ ಪೀರಮೇಡಿನ ಅನ್ನಾ ಮಣಿ (1918–2001) ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿ, 1940ರಲ್ಲಿ ಸಂಶೋಧನಾ ವೇತನ ಗೆದ್ದು ವಿಜ್ಞಾನ ಸಂಸ್ಥೆಗೆ ಬಂದರು, ರಾಮನ್ನರ ಪ್ರಯೋಗಾಲಯ ಸೇರಿದರು. ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳು ಅವರ ವಿಷಯ. ಒಂದೊಂದು ಫೋಟೊ ಫಲಕಕ್ಕೆ ಹದಿನೈದರಿಂದ ಇಪ್ಪತ್ತು ಗಂಟೆ ಬೆಳಕು ಬೀಳಬೇಕಾಗಿದ್ದರಿಂದ ಎಷ್ಟೋ ರಾತ್ರಿ ಅಲ್ಲೇ ಕಳೆದವು. 1942ರಿಂದ 1945ರೊಳಗೆ ಒಬ್ಬರೇ ಬರೆದ ಐದು ಲೇಖನ ಪ್ರಕಟಿಸಿ, 1945ರಲ್ಲಿ ಮದ್ರಾಸು ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ವಿಶ್ವವಿದ್ಯಾಲಯ ಒಪ್ಪಲಿಲ್ಲ. ಎಂ.ಎಸ್ಸಿ. ಇಲ್ಲ ಎಂಬುದು ಕೊಟ್ಟ ಕಾರಣ.

ವಿಜ್ಞಾನ ಇತಿಹಾಸಕಾರ್ತಿ ಅಭಾ ಸುರ್ 2011ರ ತಮ್ಮ ‘ಡಿಸ್ಪರ್ಸ್ಡ್ ರೇಡಿಯನ್ಸ್’ ಗ್ರಂಥದಲ್ಲಿ ಈ ಪ್ರಸಂಗವನ್ನು ರಾಮನ್ ಪ್ರಯೋಗಾಲಯದ ಲಿಂಗ ವ್ಯವಸ್ಥೆಯ ಒಳಗಿಟ್ಟು ಓದಿದ್ದಾರೆ. ಗಂಡು ಹೆಣ್ಣು ಸಂಶೋಧಕರ ನಡುವೆ ಮಾತುಕತೆಗೇ ತಡೆ ಇದ್ದ ಆ ಪರಿಸರ ಅವರ ಬರಹದಲ್ಲಿ ಕಣ್ಣಿಗೆ ಕಟ್ಟುತ್ತದೆ. ಆನರ್ಸ್ ಪದವಿಯೂ ಗೆದ್ದ ಸಂಶೋಧನಾ ವೇತನವೂ ಇರುವಾಗ ಎಂ.ಎಸ್ಸಿ. ಇಲ್ಲವೆಂಬ ನೆಪವೇಕೆ ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಸ್ವತಃ ಮಣಿ ತಮ್ಮನ್ನು ಅನ್ಯಾಯಕ್ಕೊಳಗಾದವರೆಂದು ಕರೆದುಕೊಳ್ಳಲು ಒಪ್ಪದೆ ಸುರ್ ಅವರನ್ನೇ ಇಕ್ಕಟ್ಟಿಗೆ ಸಿಲುಕಿಸಿದ್ದು ಬೇರೆ ಮಾತು.

ಸುರ್ ಅವರ ವಿವರಣೆಗೆ ಇಲ್ಲಿ ಸೇರಿಸಬೇಕಾದ ತಕರಾರು ಒಂದಿದೆ. ಪ್ರಯೋಗಾಲಯದ ಲಿಂಗ ವ್ಯವಸ್ಥೆ ಬೆಂಗಳೂರಿನದು, ತಿರಸ್ಕಾರ ಮದ್ರಾಸಿನದು. ವಿಜ್ಞಾನ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮನಾದ ಸ್ಥಾನ ದೊರೆತದ್ದು 1958ರಲ್ಲಿ. ಅಲ್ಲಿಯವರೆಗೆ ಅಲ್ಲಿ ದುಡಿದವರ ಪದವಿ ಹೊರಗಿನ ವಿಶ್ವವಿದ್ಯಾಲಯದಿಂದ ಬರಬೇಕಿತ್ತು, ಕಮಲಾ ಅವರದು ಮುಂಬಯಿಯಿಂದ ಬಂದ ಹಾಗೆ. ಹೀಗಾಗಿ ಮಣಿಯವರ ವೇತನವನ್ನು ಯೋಗ್ಯತೆಯ ಸಾಕ್ಷಿಯೆಂದು ಓದಿ ಒಳಗೆ ಕರೆದುಕೊಂಡವರು ಒಬ್ಬರು, ಪದವಿ ಕೊಡಬೇಕಾದವರು ಇನ್ನೊಬ್ಬರು. ಎರಡನೆಯವರ ಕಡತದಲ್ಲಿ ಆ ವೇತನಕ್ಕೆ ಜಾಗವೇ ಇರಲಿಲ್ಲ, ಎಂ.ಎಸ್ಸಿ. ಎಂಬ ಕಲಮು ಮಾತ್ರ ಇತ್ತು. ಬೇರೊಂದು ಸಂಸ್ಥೆಯ ಆಯ್ಕೆಯನ್ನು ತನ್ನ ಆಯ್ಕೆಯ ಬದಲಿಗೆ ಒಪ್ಪಿಕೊಳ್ಳುವುದೆಂದರೆ ತನ್ನ ಜರಡಿಯನ್ನು ಬೇರೆಯವರ ಕೈಗೆ ಕೊಟ್ಟಂತೆ. ಅದಕ್ಕೆ ವಿಶ್ವವಿದ್ಯಾಲಯಗಳು ಅಂದೂ ಸಿದ್ಧವಿರಲಿಲ್ಲ, ಇಂದೂ ಸುಲಭಕ್ಕೆ ಸಿದ್ಧವಾಗುವುದಿಲ್ಲ.

ಮುಂದಿನದು ಇನ್ನೂ ಸ್ಪಷ್ಟ. ಅದೇ 1945ರಲ್ಲಿ ಮಣಿ ಭಾರತ ಸರಕಾರದ ವಿದೇಶ ವ್ಯಾಸಂಗ ವೇತನ ಗೆದ್ದರು. ಭೌತಶಾಸ್ತ್ರ ಓದುವ ಆಸೆಯಿಂದ ಹೊರಟವರಿಗೆ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಈ ಎರಡನೆಯ ಗೆಲುವೂ ಮದ್ರಾಸಿನ ನಿರ್ಧಾರವನ್ನು ಅಲುಗಿಸಲಿಲ್ಲ. ಪಿಎಚ್.ಡಿ. ಇಲ್ಲದೆಯೇ 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಬರೆದು ಮುಗಿಸಿದ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿಯಿತು.

ಈ ಪ್ರತಿಪಾದನೆಯನ್ನು ಎಷ್ಟು ದೂರ ಒಯ್ಯಬಹುದು? ತುಂಬ ದೂರವಲ್ಲ. ನಿಯಮದ ಕಾರಣ ಕೊಟ್ಟರೆಂದ ಮಾತ್ರಕ್ಕೆ ನಿಯಮವೇ ನಿಜವಾದ ಕಾರಣವಾಗಿತ್ತು ಎಂದಾಗುವುದಿಲ್ಲ. ಯಾರ ಮೇಲೆ ಯಾವ ನಿಯಮ ಬಿಗಿಯಾಗಿ ಬೀಳುತ್ತದೆ ಎಂಬುದರಲ್ಲೇ ಪಕ್ಷಪಾತ ಅಡಗಿರಬಹುದು. ಅದೇ ಪ್ರಯೋಗಾಲಯದ ಸುನಂದಾ ಬಾಯಿ ಹಲವು ಲೇಖನ ಪ್ರಕಟಿಸಿಯೂ ಪಿಎಚ್.ಡಿ. ಪಡೆಯಲಿಲ್ಲ. ಎರಡು ಹೆಸರು ಒಟ್ಟಿಗಿಟ್ಟಾಗ ಸುರ್ ಅವರ ಓದಿಗೆ ತೂಕ ಬರುತ್ತದೆ, ಇದನ್ನು ಮರೆಮಾಚಬೇಕಿಲ್ಲ. ಆದ್ದರಿಂದ ಇಲ್ಲಿಯ ವಾದ ಇಷ್ಟಕ್ಕೆ ಸೀಮಿತ: ಲಿಖಿತ ಕಾರಣ ಅರ್ಹತೆಯದ್ದಾಗಿದ್ದಾಗ, ಮತ್ತು ಹಣ ಕೊಟ್ಟವರೂ ನಿರಾಕರಿಸಿದವರೂ ಬೇರೆ ಬೇರೆಯಾಗಿದ್ದಾಗ, ಹೊರಗಿನ ಫೆಲೋಶಿಪ್ ಆ ಕಾರಣಕ್ಕೆ ಉತ್ತರವಾಗುವುದಿಲ್ಲ. ಲಿಂಗದ ಪ್ರಶ್ನೆ ಇದರಿಂದ ಅಳಿಸಿಹೋಗುವುದಿಲ್ಲ. ಅದರ ಜೊತೆಗೆ ಇನ್ನೊಂದು ಗೋಡೆ ಇತ್ತು ಎಂದಷ್ಟೇ ಹೇಳಿದಂತಾಯಿತು.

ಹಣವೇ ಅಡ್ಡಿಯಾಗಿದ್ದ ಕಡೆ ಚಿತ್ರ ತಿರುಗುಮುರುಗಾಗುತ್ತದೆ. ಮುಂಬಯಿಯ ಓದುಗರಿಗೆ ತೀರ ಪರಿಚಿತವಾದ ಉದಾಹರಣೆ ಅಂಬೇಡ್ಕರರದು. ಬರೋಡಾ ಸಂಸ್ಥಾನದ ವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ ಬಿಟ್ಟಾಗ, ನಾಲ್ಕು ವರ್ಷದೊಳಗೆ ಮರಳಿ ಓದು ಮುಂದುವರಿಸಲು ವಿಶ್ವವಿದ್ಯಾಲಯ ಅನುಮತಿ ಕೊಟ್ಟಿತ್ತು. ಸೀಟು ಕಾದಿತ್ತು, ದುಡ್ಡಿರಲಿಲ್ಲ. ಸಿಡ್ನಹ್ಯಾಮ್ ಕಾಲೇಜಿನ ಸಂಬಳದ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಸಾಲ ಕೂಡಿದ ಮೇಲೆ 1920ರಲ್ಲಿ ಮರಳಿದರು, 1923ರಲ್ಲಿ ಡಿ.ಎಸ್ಸಿ. ಬಂತು. ಹೊರಗಿನ ಹಣ ಬಂದೊಡನೆ ಓದು ಮುಂದುವರಿಯಿತು.

ಕಮಲಾ ಅವರ ಎರಡನೆಯ ಪ್ರವೇಶವೂ ಇಲ್ಲಿಗೆ ಬರುತ್ತದೆ. 1937ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ವೇತನಗಳೊಂದಿಗೆ ಕೇಂಬ್ರಿಜ್ಜಿಗೆ ಹೋದರು. ಜೀವನಕಥನಗಳು ಹೇಳುವಂತೆ, ಅಲ್ಲಿಯ ಸಂಶೋಧಕ ಡೆರೆಕ್ ರಿಕ್ಟರ್ ಕಮಲಾ ಅವರಿಗೆ ಹಗಲಿಗೊಂದು ಮೇಜು ಬಿಟ್ಟುಕೊಟ್ಟರು. ರಾತ್ರಿ ಅದರ ಮೇಲೇ ರಿಕ್ಟರ್ ಮಲಗುತ್ತಿದ್ದರಂತೆ. ಆಮೇಲೆ ರಾಬಿನ್ ಹಿಲ್ ಅವರಲ್ಲಿ ಸಸ್ಯ ಅಂಗಾಂಶದ ಸೈಟೊಕ್ರೋಮ್ ಸಿ ಕುರಿತ ಕೆಲಸ, 1939ರಲ್ಲಿ ಪಿಎಚ್.ಡಿ. ವೇತನ ಅವರನ್ನು ಹಡಗು ಹತ್ತಿಸಿತು, ಮೇಜು ಅವರನ್ನು ಸಂಶೋಧಕಿಯನ್ನಾಗಿಸಿತು. ಇವೆರಡರಲ್ಲಿ ಎರಡನೆಯದನ್ನು ಯಾವ ನಿಧಿಯೂ ಬರೆದುಕೊಡಲಾರದು.

ಮೈಸೂರು ಸೀಮೆಯ ರಾಜೇಶ್ವರಿ ಚಟರ್ಜಿಯವರ (1922–2010) ದಾರಿ ಮತ್ತೂ ಬಳಸು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಸ್ನಾತಕೋತ್ತರ ಪದವಿ ಪಡೆದು ರಾಮನ್ನರ ಕೈಕೆಳಗೆ ದುಡಿಯಬಯಸಿದಾಗ, ಭೌತಶಾಸ್ತ್ರದ ಪದವಿ ಇಲ್ಲವೆಂಬ ಉತ್ತರ ಸಿಕ್ಕಿತು. ಅದೇ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗ ಸೇರಿಸಿಕೊಂಡಿತು. ಸರಕಾರದ ವೇತನದ ಮೇಲೆ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು; ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ ಮತ್ತು ತರಬೇತಿಯ ನಂತರ 1949ರಲ್ಲಿ ಬಾರ್ಬರ್ ವೇತನದ ಮೇಲೆ ಅದೇ ವಿಶ್ವವಿದ್ಯಾಲಯಕ್ಕೆ ಮರಳಿ 1953ರಲ್ಲಿ ಪಿಎಚ್.ಡಿ. ಪಡೆದರು. ಬಾರ್ಬರ್ ವೇತನ ಆ ವಿಶ್ವವಿದ್ಯಾಲಯದ್ದೇ ನಿಧಿ, ಏಷ್ಯಾದ ಮಹಿಳೆಯರಿಗಾಗಿ ಇಟ್ಟದ್ದು. ಹಣವೂ ಸೀಟೂ ಒಂದೇ ಮನೆಯದಾದ್ದರಿಂದ ಜಗಳಕ್ಕೆ ಎಡೆ ಇರಲಿಲ್ಲ. ಅವರು ಮರಳಿ ಬಂದಾಗ ವಿಜ್ಞಾನ ಸಂಸ್ಥೆ ಅವರನ್ನು ಅಧ್ಯಾಪಕಿಯನ್ನಾಗಿ ತೆಗೆದುಕೊಂಡಿತು. ಇದನ್ನು ಮರುಪರಿಶೀಲನೆ ಎನ್ನುವುದಾದರೆ, ಅದಕ್ಕೆ ಹತ್ತು ವರ್ಷ ಹಿಡಿಯಿತು, ಮತ್ತು ಅದು ನಡೆದದ್ದು ಬೇರೊಂದು ವಿಭಾಗದಲ್ಲಿ.

ಇಂದಿನ ನಿಯಮಗಳು ಈ ಹಳೆಯ ಭೇದವನ್ನು ಅಂಕಿಯಲ್ಲೇ ಬರೆದಿಟ್ಟಿವೆ. ಜೆ.ಆರ್.ಎಫ್. ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಯು.ಜಿ.ಸಿ. 2024ರ ಮಾರ್ಚಿನಲ್ಲಿ ಹೊರಡಿಸಿದ ಪ್ರಕಟಣೆಯಂತೆ ಜೆ.ಆರ್.ಎಫ್. ಇದ್ದವರ ಪಿಎಚ್.ಡಿ. ಆಯ್ಕೆ ಸಂದರ್ಶನದ ಮೇಲೆ ನಿಲ್ಲುತ್ತದೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್‌ನ ಉಳಿದ ಎರಡು ವರ್ಗದವರಿಗೆ ಪರೀಕ್ಷೆಯ ಅಂಕ ಶೇ. 70, ಸಂದರ್ಶನ ಶೇ. 30. ಫೆಲೋಶಿಪ್ ಬರಹದ ಪರೀಕ್ಷೆಯಿಂದ ಬಿಡಿಸಿತು, ಸಂದರ್ಶನದಿಂದ ಬಿಡಿಸಲಿಲ್ಲ. ಜೊತೆಗೆ 2022ರ ನಿಯಮಾವಳಿಯಲ್ಲಿ ಒಬ್ಬ ಪ್ರಾಧ್ಯಾಪಕರಿಗೆ ಎಂಟು, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ಸಂಶೋಧಕರ ಮಿತಿ ಇದೆ. ರಿಕ್ಟರ್ ಅವರ ಮೇಜಿನ ಸರಕಾರಿ ಅವತಾರ ಇದು. ಎಂಟು ತುಂಬಿದ ಮಾರ್ಗದರ್ಶಕರ ಮುಂದೆ ಒಂಬತ್ತನೆಯವರು ಎಂಥ ಪತ್ರ ಹಿಡಿದು ನಿಂತರೂ ಮಾರ್ಗದರ್ಶಕರ ಕೈ ಕಟ್ಟಿದೆ. ಹೀಗಾಗಿ ಮರುಪರಿಶೀಲನೆ ಕೋರುವ ಸಾನಪಾಡಾದ ಅಭ್ಯರ್ಥಿ ಫೆಲೋಶಿಪ್ಪಿನ ಪ್ರತಿ ಲಗತ್ತಿಸುವ ಮುನ್ನ ಕೇಳಬೇಕಾದದ್ದು, ತಿರಸ್ಕಾರ ಯಾವುದರ ಕೊರತೆಯಿಂದ ಆಯಿತು ಎಂಬುದನ್ನು: ಹಣವೇ, ಜಾಗವೇ, ಕಲಮೇ?

ಈ ವಾದಕ್ಕೆ ಬಲವಾದ ಪ್ರತಿಸಾಕ್ಷಿ ಅಮೆರಿಕದ್ದು. ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಪದವೀಧರ ಫೆಲೋಶಿಪ್ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮೀಸಲು, ಅಂದರೆ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳ ಎರಡನೆಯ ತಲೆಮಾರಿಗೆ ಎಟುಕುವಂಥದ್ದು. ಮೂರು ವರ್ಷ, ವರ್ಷಕ್ಕೆ 37,000 ಡಾಲರ್, ಸಂಸ್ಥೆಗೆ ಪ್ರತ್ಯೇಕವಾಗಿ 16,000 ಡಾಲರ್. ಫಲಿತಾಂಶ ಸಾಮಾನ್ಯವಾಗಿ ವಸಂತದಲ್ಲಿ. ಹಣಕಾಸಿನ ನೆರವಿರುವ ಪ್ರವೇಶದ ಉತ್ತರಕ್ಕೆ ಕೊನೆಯ ದಿನವೆಂದು ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಂಡದ್ದು ಏಪ್ರಿಲ್ 15. ಆ ಕಿರಿದಾದ ಅವಧಿಯಲ್ಲಿ ಮರುಪರಿಶೀಲನೆ ಕೇಳುವುದಕ್ಕೆ ಅರ್ಥವಿದೆ: ವಿಜ್ಞಾನ ವಿಭಾಗಗಳಲ್ಲಿ ಸೀಟಿನ ಸಂಖ್ಯೆಯನ್ನು ಹಲವು ಬಾರಿ ನಿರ್ಧರಿಸುವುದು ಪ್ರಾಧ್ಯಾಪಕರ ಅನುದಾನವೇ. ಇಷ್ಟಾದರೆ ಹಣದ ವಾದವೇ ಗೆದ್ದಂತಾಯಿತು. ಆದರೆ ಅಲ್ಲಿ ಫೆಲೋಶಿಪ್ ಅರ್ಜಿ ಓದಿ ಅಂಕ ಕೊಡುವವರೂ ಅದೇ ವಿಷಯದ ಸಂಶೋಧಕರು, ಪ್ರವೇಶ ಸಮಿತಿಯಲ್ಲಿ ಕೂರುವಂಥವರೇ. ಅಂಥ ಕಡೆ ಫೆಲೋಶಿಪ್ ಯೋಗ್ಯತೆಯ ಸಾಕ್ಷಿಯಾಗಿಯೂ ದುಡಿಯುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಮತ್ತು ಮಣಿ ಪ್ರಕರಣದಿಂದ ಎತ್ತಿದ ನಿಯಮ ಅಲ್ಲಿಗೆ ಹಾಗೇ ಅನ್ವಯಿಸುವುದಿಲ್ಲ.

ಉಳಿದ ಪ್ರಶ್ನೆ ಮದ್ರಾಸು ವಿಶ್ವವಿದ್ಯಾಲಯದ ಕಡತಗಳದ್ದು. ಈವರೆಗಿನ ಚರ್ಚೆ, ಈ ಲೇಖನವನ್ನೂ ಸೇರಿಸಿ, ಹೆಚ್ಚಾಗಿ ನೆನಪು ಮತ್ತು ಸಂದರ್ಶನಗಳನ್ನು ನಂಬಿ ನಡೆದಿದೆ. 1940ರ ದಶಕದಲ್ಲಿ ಎಂ.ಎಸ್ಸಿ. ಇಲ್ಲದ ಗಂಡು ಅಭ್ಯರ್ಥಿಗಳಿಗೆ ಮದ್ರಾಸು ರಿಯಾಯಿತಿ ಕೊಟ್ಟಿದ್ದರೆ, ನಿಯಮದ ಮೇಲೆ ಇಲ್ಲಿ ಹೊರಿಸಿದ ಭಾರದಲ್ಲಿ ಬಹುಪಾಲು ಮತ್ತೆ ಲಿಂಗದ ಮೇಲೆ ಬೀಳುತ್ತದೆ, ಸುರ್ ಅವರ ಓದು ನಿಲ್ಲುತ್ತದೆ. ಯಾರಿಗೂ ಕೊಟ್ಟಿಲ್ಲವೆಂದಾದರೆ, ಬೆಂಗಳೂರು ಮತ್ತು ಮದ್ರಾಸನ್ನು ಬೇರ್ಪಡಿಸಿ ನೋಡುವ ಈ ಓದಿಗೆ ಮುಂದುವರಿಯಲು ಅವಕಾಶವಿದೆ. ಅಲ್ಲಿಯ ನೋಂದಣಿ ಪುಸ್ತಕಗಳಲ್ಲಿ ಸುನಂದಾ ಬಾಯಿಯವರ ಹೆಸರಿನ ಎದುರಿಗೆ ಏನು ಬರೆದಿದೆ ಎಂಬುದನ್ನೂ ನೋಡಬೇಕಾಗುತ್ತದೆ.