ಮಟ್ಟುಗುಳ್ಳ: ಹೆಸರಿಗೂ ಕಾನೂನಿನ ಬೇಲಿ

ಕಾಪು ತಾಲೂಕಿನ ಕಟಪಾಡಿ ಸಮೀಪದ ಮಟ್ಟು ಗ್ರಾಮ ಹಾಗೂ ಅದರ ಆಸುಪಾಸಿನಲ್ಲಿ ಬೆಳೆಯುವ, ತೆಳು ಹಸಿರು ಬಣ್ಣದ ದುಂಡು ಬದನೆಯೇ ಮಟ್ಟುಗುಳ್ಳ. ಇದರ ಬೀಜವನ್ನು ಸೋದೆ ಮಠದ ಶ್ರೀ ವಾದಿರಾಜ ಸ್ವಾಮಿಗಳು ಗ್ರಾಮಸ್ಥರಿಗೆ ನೀಡಿದರೆಂಬುದು ಪ್ರತೀತಿ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ದೊರೆಯಿತು.

ಬೇರೆಡೆ ಬೆಳೆದ, ನೋಟಕ್ಕೆ ಹೋಲುವ ಗುಳ್ಳವನ್ನು ಇದೇ ಹೆಸರಿನಲ್ಲಿ ಮಾರಿದರೆ ಗ್ರಾಹಕ ಮೋಸ ಹೋಗುತ್ತಾನೆ. ಬೆಳೆಗಾರ ಬೆಲೆಯನ್ನೂ ಹೆಸರನ್ನೂ ಕಳೆದುಕೊಳ್ಳುತ್ತಾನೆ. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯ 22ನೇ ಕಲಂ ಇಂತಹ ಮಾರಾಟವನ್ನು ಹಕ್ಕಿನ ಉಲ್ಲಂಘನೆಯೆಂದು ಪರಿಗಣಿಸುತ್ತದೆ. ಅನುಚಿತ ಸ್ಪರ್ಧೆಯೂ ಅದರ ವ್ಯಾಪ್ತಿಗೆ ಸೇರಿದೆ. ದಾವೆಯನ್ನು ಜಿಲ್ಲಾ ನ್ಯಾಯಾಲಯ ಅಥವಾ ಅದಕ್ಕಿಂತ ಮೇಲಿನ ನ್ಯಾಯಾಲಯದಲ್ಲಿ ಹೂಡಬೇಕು.

ಟ್ರೇಡ್‌ಮಾರ್ಕ್ ಮಾಲೀಕನ ಸ್ವತ್ತು, ಅದನ್ನು ಮಾರಬಹುದು. ಜಿಐ ಹಾಗಲ್ಲ. ಅದು ಆ ಪ್ರದೇಶದ ಬೆಳೆಗಾರರ ಸಮುದಾಯಕ್ಕೆ ಸೇರಿದ್ದು, ಪರಭಾರೆ ಮಾಡುವಂತಿಲ್ಲ. ಆದರೆ ಹೆಸರು ಬಳಸುವ ಹಕ್ಕು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರಿಗಷ್ಟೇ. ಜಿಐ ನೋಂದಣಿಯನ್ನು 10 ವರ್ಷಕ್ಕೊಮ್ಮೆ ನವೀಕರಿಸಬೇಕು.

ನಕಲಿ ತಡೆಯಲು ಬೆಳೆಗಾರರ ಸಂಘವು ಕಾಯಿಗಳ ಮೇಲೆ ಸ್ಟಿಕ್ಕರ್ ಅಂಟಿಸುವ ಕ್ರಮ ಆರಂಭಿಸಿತು. ಉಡುಪಿ, ಮಣಿಪಾಲ, ಕಾರ್ಕಳದ ಅಂಗಡಿಗಳಲ್ಲಿ ಗುಳ್ಳ ಕೊಳ್ಳುವವರು ಹೆಸರು ಕೇಳಿದರಷ್ಟೇ ಸಾಲದು, ಗುರುತನ್ನೂ ನೋಡುವುದು ಒಳಿತು.